ಆರಿಸಿದ ಮೇಲೆ

ಅಕ್ಟೋಬರ್ ಕೊನೆ. ಹಿಯುಮಾ ದ್ವೀಪದ ಓರ್ಯಾಕು ಬಂದರಿನಲ್ಲಿ
ದೋಣಿಗಳು ಕಡಿಮೆ, ಜೊಂಡು ಜಾಸ್ತಿ.
ಎಲ್ಲರದೂ ದಡಕ್ಕೇರಿ ಟಾರ್ಪಾಲು ಹೊದ್ದಿವೆ,
ನನ್ನ 'ಟೀರ್' ಮಾತ್ರ ಇನ್ನೂ ನೀರಲ್ಲಿ.
ಹನ್ನೊಂದು ದಿನಕ್ಕೊಮ್ಮೆ ಸಾಯುವ ಬ್ಯಾಟರಿ,
ಹನ್ನೊಂದು ದಿನಕ್ಕೊಮ್ಮೆ ಬಂದು ಬೈದುಹೋಗುವ ನಾನು.

ಎಲ್ಲ ಆರಿಸಿಯೇ ಹೋಗಿದ್ದೆ, ಆಣೆಗೂ.
ದೀಪ, ರೇಡಿಯೊ, ನೀರಿನ ಪಂಪು,
ಒಲೆಯ ಮೇಲಿನ ಪುಟ್ಟ ಫ್ಯಾನು ಕೂಡ.
ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು, ಸರಿ.
ಇಲ್ಲಿ ಕೂತವರು ಯಾರು? ಉಂಡವರು ಯಾರು?

ಶಾಲೆಯ ಲ್ಯಾಬಿನಿಂದ ಮೀಟರು ತಂದೆ.
ಸೋಮವಾರದೊಳಗೆ ವಾಪಸು, ಎಂದಿದ್ದಾನೆ ಟಾರ್ಮೊ,
ಕಳೆದ ಸಲದ ಹಾಗೆ ಫ್ಯೂಸು ಸುಟ್ಟುಕೊಂಡಲ್ಲ.
ಮಂಡಿಯೂರಿ, ಹತ್ತರ ಸ್ಪ್ಯಾನರಿನಿಂದ
ಋಣದ ತುದಿಯ ನಟ್ಟು ಸಡಿಲಿಸಿ ತಂತಿ ಕಳಚಿ
ನಡುವೆ ಮೀಟರನ್ನು ಕೂರಿಸಿದೆ,
ಜಗಳವಾಡಿದ ಇಬ್ಬರ ನಡುವೆ ಹಿರಿಯರನ್ನು ಕೂರಿಸಿದಂತೆ.

ಮೊದಲು ಅಂಕಿಗಳು ಬೆಚ್ಚಿದ ಕೋಳಿಗಳಂತೆ ಹಾರಾಡಿದವು.
ಕಾದೆ. ಫ್ಲಾಸ್ಕಿನ ಕಾಫಿ ಕುಡಿದೆ.
ದೋಣಿಯೊಳಗಿನ ಯಂತ್ರಗಳಿಗೂ
ನಿದ್ದೆ ಹತ್ತಲು ಹತ್ತು ನಿಮಿಷ ಬೇಕು.
ಆಮೇಲೆ ನಿಂತಿತು: ನೂರ ತೊಂಬತ್ತು ಮಿಲಿಆಂಪ್.

ಹನಿ ಹನಿಗೂಡಿ ಹಳ್ಳವಂತೆ.
ಹಳ್ಳ ಹನಿ ಹನಿಯಾಗಿ ಬತ್ತುವುದಕ್ಕೆ
ಯಾರೂ ಗಾದೆ ಕಟ್ಟಿಲ್ಲ.

ಕ್ರಾನ್‌ಬೆರಿ ರಾಶಿಯಿಂದ ಪಾಚಿಯೆಳೆ ಆರಿಸುವಂತೆ
ಒಂದೊಂದೇ ಫ್ಯೂಸು ಆರಿಸಿ ತೆಗೆದೆ.
ಗ್ಯಾಸು ಸೋರಿತೆಂದು ಕೂಗಲು ಕಾದಿರುವ ಮೂಗು: ತೊಂಬತ್ತು.
ಕೇಳಿದ ಸ್ಟೇಷನ್ನುಗಳನ್ನು ಮರೆಯಲೊಲ್ಲದ ರೇಡಿಯೊ: ಮೂವತ್ತೆಂಟು.
ತಳದ ನೀರು ಏರಿತೇ ಎಂದು ನೋಡುವ ಕಣ್ಣು: ಹತ್ತು.
(ಅದನ್ನು ತಕ್ಷಣ ವಾಪಸು ಹಾಕಿ, ಲೆಕ್ಕದಲ್ಲಷ್ಟೇ ಕಳೆದೆ.)
ಎಷ್ಟು ಖರ್ಚಾಯಿತೆಂದು ಹೇಳಲೆಂದೇ ಕೊಂಡ ಮಾಪಕ,
ಅದೂ ಹತ್ತು.
ನನ್ನ ಅಣ್ಣ ಲೆಕ್ಕಪತ್ರ ಬರೆದ ದಿನಗಳು ನೆನಪಾದವು.

ಉಳಿದದ್ದು ನಲವತ್ತೆರಡು.
ಪೆಟ್ಟಿಗೆಯಲ್ಲಿ ಒಂದೂ ಫ್ಯೂಸಿಲ್ಲ.
ಆರಿಸಲು ಏನೂ ಇಲ್ಲ, ಎರಡೂ ಅರ್ಥದಲ್ಲಿ.

ಟಾರ್ಚು ಹಿಡಿದು, ಕೆನ್ನೆಯನ್ನು ಹಲಗೆಗೊತ್ತಿ ನೋಡಿದರೆ
ಬ್ಯಾಟರಿಯ ತಲೆಯಿಂದಲೇ ಹೊರಟ ಬೂದು ತಂತಿಯೊಂದು,
ಅಚ್ಚುಕಟ್ಟಾಗಿ ಟೇಪು ಸುತ್ತಿದ್ದು,
ಪಕ್ಕೆಲುಬಿನ ಹಿಂದೆ ನುಸುಳಿ, ಚುಕ್ಕಾಣಿಯ ಬುಡದಲ್ಲಿ
ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿಯೊಳಗೆ ಇಳಿದಿತ್ತು.
ಒಳಗೊಂದು ಸಿಮ್ ಕಾರ್ಡು. ಹಸಿರು ಚುಕ್ಕೆ,
ಮಿಟುಕಿತು.

ಎಂಡೆಲ್ ಈ ದೋಣಿ ಮಾರಿ ಎರಡು ವರ್ಷ.
ಹಣ ಎಣಿಸಿಕೊಂಡ, ಕೈಕುಲುಕಿದ,
ತಿರುಗಿ ನೋಡದೆ ಹೋದ. ಗಟ್ಟಿಗ, ಅಂದುಕೊಂಡಿದ್ದೆ.
ಆಗಸ್ಟಿನಲ್ಲಿ ಕಾಸರಿ ಜಲಸಂಧಿಯ ಆಚೆ
ಮೂತಿಯೇ ಕಾಣದಂಥ ಮಂಜಿನಲ್ಲಿ ನಾನು ಲಂಗರು ಬಿಟ್ಟು ಕೂತಾಗ
ಫೋನು ಬಂದಿತ್ತು: ಏನಿಲ್ಲ, ಸುಮ್ಮನೆ,
ಆಲೂಗಡ್ಡೆ ಕೀಳುವುದು ಯಾವಾಗ?
ನನ್ನ ಹೊಲದ ಬಗ್ಗೆ ಅವನು
ಅದಕ್ಕೆ ಮೊದಲೂ ಕೇಳಿದವನಲ್ಲ, ಆಮೇಲೂ.

ನಲವತ್ತೆರಡನ್ನು ಇಪ್ಪತ್ನಾಲ್ಕರಿಂದ ಗುಣಿಸಿದೆ,
ಟಿಕೆಟ್ಟಿನ ಬೆನ್ನಿನ ಮೇಲೆ.
ದಿನಕ್ಕೆ ಒಂದು ಆಂಪ್-ಗಂಟೆ, ಮೇಲೊಂದು ಚೂರು.

ಕತ್ತರಿ ಕೈಯಲ್ಲಿತ್ತು.
ಕೋಪವೂ ಇತ್ತು, ಸುಳ್ಳು ಹೇಳಲಾರೆ.
ನಾನು ಎಲ್ಲಿ ಮಲಗಿದೆ, ಎಲ್ಲಿ ದಾರಿ ತಪ್ಪಿದೆ,
ಯಾವ ಕೊಲ್ಲಿಯಲ್ಲಿ ಎರಡು ರಾತ್ರಿ ಯಾರಿಗೂ ಹೇಳದೆ ಉಳಿದೆ,
ಎಲ್ಲ ಆ ಮುದುಕನ ಅಡುಗೆಮನೆಯ ಮೇಜಿನ ಮೇಲೆ.

ಫೋನು ಮಾಡಿದೆ. ಎತ್ತಿದ.
"ದಿನಕ್ಕೊಂದು ಆಂಪ್-ಗಂಟೆ ನಿನ್ನ ಋಣ," ಎಂದೆ,
"ಎರಡು ವರ್ಷದ್ದು. ಬೇಕಾದರೆ ಒಂದು ಸೋಲಾರ್ ಹಲಗೆ ತಂದು ಹಾಕು."

ಅತ್ತ ಕಡೆ ಕುರ್ಚಿ ಸರಿದ ಸದ್ದು.
ಚಮಚ ಕೆಳಗಿಟ್ಟ ಸದ್ದು.
ಬಹಳ ಹೊತ್ತಾದ ಮೇಲೆ, ಗಂಟಲು ಸರಿಮಾಡಿಕೊಂಡು:

"ಸೀಲ್ ಬಂಡೆಗೆ ತೀರ ಹತ್ತಿರ ಲಂಗರು ಬಿಡುತ್ತೀಯ.
ಪಡುವಣ ಗಾಳಿ ತಿರುಗಿದರೆ ಅಲ್ಲಿ
ತಳಕ್ಕೆ ಒಂದೇ ಗೇಣು."